ಬೇಶ್ ಅಂದಳೋ, ಬ್ಯಾನಿ ಅಂದಳೋ

ಮೂವತ್ತೊಂದಕ್ಕೇ ನಿವೃತ್ತಿ ಎಂದರೆ ಜನ ನಗುತ್ತಾರೆ. ನಗಲಿ. ನೌಕರದಾರರಿಗೆ ಸರಕಾರ ವಯಸ್ಸು ಗೊತ್ತು ಮಾಡುತ್ತದೆ, ನನಗೆ ಕಿವಿ ಗೊತ್ತು ಮಾಡಿತು. ಎಡಗಿವಿಯಲ್ಲಿ ಒಂದು ಸಣ್ಣ ಸೀಟಿ ಶುರುವಾಯಿತು, ಅದು ನಿಲ್ಲಲೇ ಇಲ್ಲ. ಗದಗಿನ ಡಾಕ್ಟರು ಪರೀಕ್ಷೆ ಮಾಡಿ, “ಇನ್ನ ಕಿವ್ಯಾಗ ಏನೂ ತುರಕಬ್ಯಾಡ್ರಿ. ಉಳದದ್ದರ ಉಳೀಲಿ” ಅಂದರು. ಹೆಡ್‌ಫೋನು ಹಾಕದೆ ನಮ್ಮ ಕೆಲಸ ಸಾಗುವುದಿಲ್ಲ. ರೋಣದ ಅಂಗಡಿಗೆ ಹೋಗುವುದನ್ನು ಬಿಟ್ಟೆ.

ಈಗ ಇದೇ ಕೆಲಸಕ್ಕೆ ಹೊಸಬರು ಬರುತ್ತಿದ್ದಾರೆ. ಎದುರಿಗೆ ಸಿಕ್ಕಾಗ, ಫೋನಿಗೆ ಹಚ್ಚಿ ಹಾಡು ಕೇಳುವ ಡಬ್ಬಿಯ ಬಗ್ಗೆ ಎಲ್ಲರದೂ ಒಂದೇ ಪ್ರಶ್ನೆ: “ಅಕ್ಕಾರ, ಆ ತುಟ್ಟಿ ಡ್ಯಾಕ್ ಖರೇನ ಚಲೋ ಅಂತಾವೇನ್ರಿ?” ಇದಕ್ಕೆ ಒಂದೇ ಮಾತಿನ ಉತ್ತರವಿದೆ. ಆದರೆ ಆ ಉತ್ತರವನ್ನು ಯಾರ ಮುಂದೆ ಹೇಳುತ್ತೇವೆ, ಹೇಳಿದ ಮೇಲೆ ಅವರ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಬರೆಯುತ್ತಿದ್ದೇನೆ.

ನಾನು ಲಕ್ಕಲಕಟ್ಟಿಯವಳು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಹುಚ್ಚು. ಅಲ್ಲಿ ವೇದಿಕೆ ಹತ್ತುವ ಮುಂಚೆ ಚೀಟಿ ಎತ್ತಿಸುತ್ತಿದ್ದರು. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ನನಗೆ ಎರಡೂ ಒಂದೇ, ಯಾವ ಚೀಟಿ ಬಂದರೂ ಗೆದ್ದು ಬರುತ್ತಿದ್ದೆ. ಡಿಗ್ರಿ ಮುಗಿದ ಮೇಲೆ ಈ ವಿದ್ಯೆಗೆ ಯಾರೂ ಪಗಾರ ಕೊಡುವುದಿಲ್ಲ ಎಂಬುದು ತಿಳಿಯಿತು. ರೋಣದಲ್ಲಿ ದಾವಲಸಾಬ್ ಅಣ್ಣನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಕೊಂಡೆ. ಸ್ಪೀಕರು, ಇಯರ್‌ಫೋನು, ಮೈಕು ಮಾರುವುದು ಮತ್ತು ರಿಪೇರಿ ಮಾಡುವುದು ಅಲ್ಲಿನ ದಂಧೆ. ಮೊದಲ ವಾರವೇ ಅವರು ನನಗೆ ‘ವಕೀಲ್ರ’ ಎಂದು ಹೆಸರಿಟ್ಟರು. “ವಕೀಲ್ರ, ಗಿರಾಕಿ ಮುಂದ ವಾದ ಬ್ಯಾಡ. ವಾದಾ ಗೆದ್ದ್ರ ಗಿರಾಕಿ ಹೋಗ್ತಾನ” ಎಂದು ದಿನಾ ಹೇಳುತ್ತಿದ್ದರು. ನಾನು ದಿನಾ ಗೆಲ್ಲುತ್ತಿದ್ದೆ.

ಆಗ ಹೆಚ್ಚಿನ ಕೆಲಸ ಮೆಮೊರಿ ಕಾರ್ಡಿಗೆ ಹಾಡು ತುಂಬುವುದು. ಟ್ರ್ಯಾಕ್ಟರ್ ಓಡಿಸುವವರು ಬಂದು, “ಜಾನಪದ ಹಾಕ್ರಿ, ಭಜನಿಪದ ಹಾಕ್ರಿ, ಉಳದ ಜಾಗಾದಾಗ ನಿಮಗ ತಿಳದದ್ದ ಹಾಕ್ರಿ” ಅನ್ನುವರು. ಹಳೆಯ ಕ್ಯಾಸೆಟ್ಟುಗಳನ್ನು ಕಾರ್ಡಿಗೆ ಇಳಿಸಿಕೊಡುವ ಕೆಲಸವೂ ಇತ್ತು. ನನ್ನ ಮೊದಲ ದೊಡ್ಡ ತಪ್ಪು ಆದದ್ದು ಅದರಲ್ಲಿಯೇ. ಶಿರೋಳದ ಒಬ್ಬ ಅಜ್ಜಿ ತನ್ನ ಅಣ್ಣನ ಭಜನೆಯ ಕ್ಯಾಸೆಟ್ಟು ತಂದಿದ್ದಳು. ಅಣ್ಣ ತೀರಿಕೊಂಡಿದ್ದ. “ಯವ್ವಾ, ಬೇಶ್ ಮಾಡಿ ಕೊಡು” ಅಂದಳು. ನಮ್ಮ ಕಡೆ ಬೇಶ್ ಅಂದರೆ ಚಲೋ, ಅದು ನನಗೆ ಗೊತ್ತಿಲ್ಲದ ಮಾತಲ್ಲ. ಆದರೆ ಮುಂಜಾನೆಯಿಂದ ಟ್ರ್ಯಾಕ್ಟರಿನವರೆಲ್ಲ “ಬೇಸ್ ಏರಸ್ರಿ, ಎದಿ ನಡಗಬೇಕ” ಎಂದು ಕಾಡಿದ್ದರು. ನನ್ನ ಕಿವಿ ಅಜ್ಜಿಯ ಬೇಶನ್ನೂ ಬೇಸ್ ಮಾಡಿತು. ಆ ಬಡಪಾಯಿ ಭಜನೆಗೆ ಬುಡದ ಗುಡುಗೆಲ್ಲ ಏರಿಸಿ ಕೊಟ್ಟೆ.

ಮರುದಿನ ಅಜ್ಜಿ ಬಂದಳು. “ಇದರಾಗ ಯಾರೋ ಗಡಗಿ ಬಡ್ಯಾಕತ್ತ್ಯಾರ. ನಮ್ಮಣ್ಣ ಎಲ್ಲಿ ಹ್ವಾದಾ?”

ದಾವಲಸಾಬ್ ಅಣ್ಣ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. ನಾನು ಮತ್ತೆ ಮಾಡಿಕೊಟ್ಟೆ. ಕ್ಯಾಸೆಟ್ಟಿನಲ್ಲಿ ಎಷ್ಟಿತ್ತೋ ಅಷ್ಟೇ, ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಜ್ಜಿ ಕೇಳಿ, “ಹೂಂ, ಈಗ ಬಂದಾ” ಅಂದಳು. ಹೊಸಬರಿಗೆ ಇಲ್ಲೊಂದು ಮಾತು: ಗಿರಾಕಿ ಏನಂದ ಎಂಬುದನ್ನು ನಾವು ಕೇಳುವುದು ಅಪರೂಪ. ಏನನ್ನಬಹುದು ಅಂತ ಕಾಯುತ್ತಿರುತ್ತೇವೋ ಅದೇ ನಮಗೆ ಕೇಳುತ್ತದೆ.

ಆಮೇಲೆ ಕಾರ್ಡು ಹೋಯಿತು, ಬ್ಲೂಟೂತ್ ಬಂತು, ಹಾಡೆಲ್ಲ ಫೋನಿನಲ್ಲೇ ಸಿಗತೊಡಗಿದವು. ಅಂಗಡಿ ಖಾಲಿ ಹೊಡೆಯತೊಡಗಿತು. ಆಗ ಅಣ್ಣ ಹುಬ್ಬಳ್ಳಿಯಿಂದ ಒಂದು ಕರಿ ಡಬ್ಬಿ ತಂದರು. ಅದೇ ಡ್ಯಾಕ್. ಫೋನಿನೊಳಗೆ ಹಾಡು ಇರುವುದು ಬರೀ ಅಂಕಿಗಳಾಗಿ. ಆ ಅಂಕಿಗಳನ್ನು ಹೆಡ್‌ಫೋನು ನಡುಗಿಸುವ ಕರೆಂಟಾಗಿ ಬದಲಿಸುವುದು ಡ್ಯಾಕಿನ ಕೆಲಸ. ಪ್ರತಿ ಫೋನಿನಲ್ಲೂ ಇಂಥದ್ದೊಂದು ಕಾಳಿನಷ್ಟು ಇರುತ್ತದೆ. ಅಣ್ಣ ತಂದದ್ದು ಅದೇ ಕೆಲಸ ಮಾಡುವ, ಎತ್ತಿನ ಜೋಡಿಯಷ್ಟು ಬೆಲೆಯ ಡಬ್ಬಿ.

ಮಾರುವ ರೀತಿಯೂ ಅವರಿಗೆ ಗೊತ್ತಿತ್ತು. ಮೊದಲು ಬರಿಯ ಫೋನಿನಲ್ಲಿ ಕೇಳಿಸುವರು, ಆಮೇಲೆ ಡಬ್ಬಿ ಹಚ್ಚಿ ಕೇಳಿಸುವರು. ಡಬ್ಬಿ ಹಚ್ಚುವಾಗ ಹೆಬ್ಬೆರಳು ಗುಂಡಿಯ ಮೇಲೆ ಒಂದು ಕೂದಲಷ್ಟು ಸರಿಯುತ್ತಿತ್ತು, ಸದ್ದು ತುಸು ಏರುತ್ತಿತ್ತು. ಹಾಡು ಅದೇ, ತುಸು ಜೋರು, ಅಷ್ಟೇ. ಆದರೆ ತುಸು ಜೋರಾದದ್ದನ್ನು ನಮ್ಮ ಕಿವಿ ಜೋರು ಅನ್ನುವುದಿಲ್ಲ, ಚಲೋ ಅನ್ನುತ್ತದೆ. ನಾನು ಅಣ್ಣನನ್ನು ಅಲ್ಲಿಯೇ ಹಿಡಿದೆ.

“ಇದು ಮೋಸ ಅಲ್ಲೇನ್ರಿ ಅಣ್ಣಾ?”

“ಮೋಸ ಹ್ಯಾಂಗಾಕ್ಕೈತಿ? ಅವ್ರಿಗೆ ಖುಷಿ ಆಗಲಿಲ್ಲೇನು? ನೀ ಖುಷಿನೂ ಸುಳ್ಳ ಅಂತೀಯೇನ್ವಾ ವಕೀಲ್ರ?”

ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಸದ್ದು ಸರಿಸಮ ಮಾಡಿ, ಯಾವುದು ಯಾವುದೆಂದು ಹೇಳದೆ ಕೇಳಿಸಿದರೆ ಅವರು ಗುರುತು ಹಿಡಿಯಲಾರರು ಅಂದೆ. ಅಣ್ಣ, “ಹಂಗ ಕೇಳಸಬ್ಯಾಡ ಮತ್ತ” ಅಂದು ಚಹಾ ತರಿಸಿದರು.

ನಾನು ಡಬ್ಬಿಯ ವೈರಿಯಲ್ಲ. ಕೆಲವು ಫೋನು, ಲ್ಯಾಪ್‌ಟಾಪುಗಳಲ್ಲಿ ವಯರು ಹಚ್ಚಿದ ಕೂಡಲೇ ಸುಂಯ್ ಅನ್ನುವ ಗದ್ದಲ ಬರುತ್ತದೆ. ಅಂಥವರಿಗೆ ಹೊರಗಿನ ಒಂದು ಸಾದಾ ಡಬ್ಬಿ ಬೇಕು. ದೊಡ್ಡ ಹೆಡ್‌ಫೋನಿಗೆ ಫೋನಿನ ಕಸುವು ಸಾಲದಿದ್ದರೂ ಬೇಕು. ಅದರ ಮೇಲೆ ಸುರಿಯುವ ಹಣವೆಲ್ಲ ಕಿವಿಗೆ ಮುಟ್ಟುವುದಿಲ್ಲ, ಕಣ್ಣಿಗೆ ಮುಟ್ಟುತ್ತದೆ. ಇದು ನನ್ನ ಒಂದು ಮಾತಿನ ಉತ್ತರ. ಇಂದಿಗೂ ಇದನ್ನು ಬದಲಿಸುವುದಿಲ್ಲ.

ಆದರೆ ನರಗುಂದದ ಕಥೆ ಕೇಳಿ. ಅಲ್ಲಿನ ಅಡತಿ ವ್ಯಾಪಾರಿ ಸಂಗನಬಸಪ್ಪನವರು ಒಬ್ಬರೇ ಕೂತು ಹಾರ್ಮೋನಿಯಂ ಪೇಟಿಯ ಜೊತೆ ಹಾಡಿದ ಹಳೆಯ ನಾಟಕದ ಪದ ಕೇಳುವವರು. ನಮ್ಮ ಅಂಗಡಿಯಲ್ಲೇ ಡಬ್ಬಿ ತೆಗೆದುಕೊಂಡಿದ್ದರು. ಅದನ್ನು ಕೂಡಿಸಿಕೊಡಲು ಅವರ ಮನೆಗೆ ಹೋದಾಗ, “ಈಗ ನೋಡ್ರಿ, ಪೇಟಿ ಬಾರಿಸವನ ಉಸರ ಸೈತ ಕೇಳ್ತೈತಿ” ಅಂದರು. ನನ್ನ ನಾಲಿಗೆ ಸುಮ್ಮನಿರಲಿಲ್ಲ. ಸದ್ದು ಸರಿಸಮ ಮಾಡಿ, ಅವರ ಹೆಂಡತಿ ನೀಲವ್ವನವರ ಕೈಗೆ ವಯರು ಕೊಟ್ಟೆ. ಒಮ್ಮೆ ಡಬ್ಬಿಗೆ, ಒಮ್ಮೆ ಫೋನಿಗೆ, ತಮ್ಮ ಮನಸ್ಸಿಗೆ ಬಂದ ಹಾಗೆ ಅವರು ಹಚ್ಚಬೇಕು. ಇವರು ಬೆನ್ನು ತಿರುಗಿಸಿ ಕೂತು ಯಾವುದೆಂದು ಹೇಳಬೇಕು. ಸಂಗನಬಸಪ್ಪನವರು ಒಂದು ತಪ್ಪು ಹೇಳಿದರೆ ಒಂದು ಸರಿ ಹೇಳಿದರು, ರೊಕ್ಕ ಮೇಲಕ್ಕೆ ಹಾರಿಸಿ ಚಿತ್ತೋ ಪಟ್ಟೋ ಅಂದ ಹಾಗೆ. ಕೊನೆಗೆ ನೀಲವ್ವ ನಕ್ಕುಬಿಟ್ಟರು: “ಸಾಕ ಬಿಡ್ರಿ. ಈಗ ಹಚ್ಚಿದ್ದು ಯಾವ್ದಂತ ನನಗೂ ನೆನಪಿಲ್ಲ.”

ಸಂಗನಬಸಪ್ಪನವರು ಸಿಟ್ಟಾಗಲಿಲ್ಲ. ಗಾಡಿಯ ತನಕ ಬಂದು ನನ್ನನ್ನು ಕಳಿಸಿದರು. ಎರಡು ತಿಂಗಳ ಮೇಲೆ ನೀಲವ್ವನವರ ಫೋನು ಬಂತು. “ತಂಗಿ, ನಮ್ಮವ್ರು ಪದಾ ಕೇಳೂದ ಬಿಟ್ಟ್ರು ನೋಡು. ಹಚ್ಚಿ ಕುಂದರ್ತಾರ, ಐದ ಮಿನಿಟಿನ್ಯಾಗ ತಗದ ಇಡ್ತಾರ. ಮದಲ ಉಸರ ಕೇಳ್ತಿತ್ತಂತ, ಈಗ ಕೇಳವಲ್ದಂತ. ನಿನಗ ಅದನ್ನ ತಿರಗಿ ಹಚ್ಚಾಕ ಬರ್ತೈತೇನು?”

ಚರ್ಚಾಸ್ಪರ್ಧೆಯಲ್ಲಿ ಸೋತವರು ವೇದಿಕೆಯಿಂದ ಇಳಿದು ಮನೆಗೆ ಹೋಗುತ್ತಾರೆ. ಅವರ ಮನೆಯಲ್ಲಿ ಆಮೇಲೆ ಏನಾಗುತ್ತದೆ ಎಂದು ನಾನು ಯೋಚಿಸಿದ್ದಿಲ್ಲ.

ಅದಾದ ಮೇಲೆ ಬಂದವರು ವಿರೂಪಾಕ್ಷಪ್ಪ. ಗಜೇಂದ್ರಗಡದ ನೇಕಾರರು, ಮನೆಯಲ್ಲಿ ಎರಡು ಮಗ್ಗ. ಅಂಗಡಿಗೆ ಬಂದು ನಿಂತವರು ಹಾಡಿನ ಸುದ್ದಿ ಎತ್ತಲಿಲ್ಲ. “ಇಲ್ಲಿ ಒಂದ ಮಿಷನ್ ಐತಂತಲ್ರಿ, ಮುಚ್ಚಿದ ದನಿ ತಗದ ಕೇಳಸ್ತೈತಂತ” ಅಂದರು. ಯಾರೋ ಫೋನಿನಲ್ಲಿ ಜಾಹೀರಾತು ತೋರಿಸಿದ್ದರು: ಹಿಂದೆಂದೂ ಕೇಳದ್ದನ್ನು ಕೇಳಿರಿ.

ಅವರ ಫೋನಿನಲ್ಲಿ ಒಂದು ಧ್ವನಿ ಸಂದೇಶ ಇತ್ತು. ಮಗಳು ಸುಮಂಗಲಾಳದ್ದು. ಕಾಲೇಜಿಗೆ ಹೋಗುತ್ತಿದ್ದ ಹುಡುಗಿಗೆ ಕಾಮಾಲೆ ಏರಿ ಗದಗಿನ ದವಾಖಾನೆಗೆ ಹಾಕಿದ್ದರು. ತಾಯಿ ಗೌರವ್ವ ಬಟ್ಟೆಬರೆ ತರಲೆಂದು ಊರಿಗೆ ಬಂದಿದ್ದರು; ಹುಡುಗಿಯ ಹತ್ತಿರ ಸೋದರತ್ತೆ ಇದ್ದಳು. ಆಕೆ ಔಷಧಿ ತರಲು ಕೆಳಗೆ ಇಳಿದಾಗ ಹುಡುಗಿ ತಂದೆಗೆ ಈ ಸಂದೇಶ ಕಳಿಸಿದ್ದಳು. ವಿರೂಪಾಕ್ಷಪ್ಪ ಮಗ್ಗದ ಮೇಲೆಯೇ ಕೂತು ಕೇಳಿ, ಹೆಂಡತಿಗೆ, “ಬೇಶ್ ಅದಾಳಂತ. ನಾಳೆ ಹೋಗೂಣು” ಅಂದರು. ಮರುದಿನ ಬೆಳಕು ಹರಿಯುವುದರೊಳಗೆ ಹುಡುಗಿ ಹೋಗಿಬಿಟ್ಟಳು.

ಸಂದೇಶ ಇಷ್ಟೇ: “ಅಪ್ಪಾ, ನಾ ಬ… ದೀನಿ. ಇವತ್ತ ಬರೂದು ಬ್ಯಾಡ. ಅವ್ವಗ ಹೇಳು.” ಆ ನಡುವಿನ ಜಾಗದಲ್ಲಿ ವಾರ್ಡಿನೊಳಗೆ ಯಾರೋ ಕಬ್ಬಿಣದ ಗಾಡಿ ತಳ್ಳಿಕೊಂಡು ಹೋಗಿದ್ದರು.

ತಂದೆ ಕೇಳಿದ್ದು ‘ಬೇಶ್ ಅದೀನಿ’. ಮಣ್ಣು ಮಾಡಿ ಬಂದ ಮೇಲೆ ತಾಯಿ ಅದೇ ಸಂದೇಶ ಕೇಳಿದರು. ಅವರಿಗೆ ಕೇಳಿದ್ದು ‘ಬ್ಯಾನ್ಯಾಗದೀನಿ’, ಅಂದರೆ ನೋವಿನಲ್ಲಿದ್ದೇನೆ. “ಕೂಸು ಬ್ಯಾನಿ ಅಂತ ಒದರಿದ್ರ ನೀ ಮಗ್ಗ ಬಿಟ್ಟ ಏಳಲಿಲ್ಲ” ಅಂದವರು, ಅಂದಿನಿಂದ ಗಂಡನ ಜೊತೆ ಮಾತು ಬಿಟ್ಟಿದ್ದರು. ಊಟಕ್ಕೆ ಬಡಿಸಿ ಗಂಗಾಳದ ಸಪ್ಪಳ ಮಾಡುವರಂತೆ. ಬಂದು ಉಣ್ಣು ಎಂದು ಅದರ ಅರ್ಥ.

“ಒಂದ ಮಗ್ಗಾ ಕೊಟ್ಟಬಿಡ್ತೀನ್ರಿ” ಅಂದರು ವಿರೂಪಾಕ್ಷಪ್ಪ. “ಆ ಒಂದ ಮಾತು ತಗದ ಕೊಡ್ರಿ. ಬ್ಯಾನಿ ಅಂದಿದ್ಲಂದ್ರ ನಾ ನನ್ನ ಹೇಣ್ತಿ ಕಾಲ ಹಿಡೀತೀನಿ. ಬೇಶ್ ಅಂದಿದ್ಲಂದ್ರ ಆಕಿ ನನ್ನ ಮಾತಾಡಸಲಿ.”

ದಾವಲಸಾಬ್ ಅಣ್ಣ ಡಬ್ಬಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ವ್ಯಾಪಾರಿಯಾದರೂ ತಾವೂ ಒಬ್ಬ ಮಗಳ ತಂದೆ, ಡಬ್ಬಿಯನ್ನು ಬದಿಗೆ ಸರಿಸಿದರು. ನಾನು ಸಂದೇಶವನ್ನು ಅಂಗಡಿಯ ಎಲ್ಲ ಹೆಡ್‌ಫೋನಿನಲ್ಲೂ ಕೇಳಿದೆ. ಬೇ ಅನ್ನುವುದೋ ಬ್ಯಾ ಅನ್ನುವುದೋ ಅದೇ ಗಟ್ಟಿಯಿಲ್ಲ. ಫೋನು ದನಿಯನ್ನು ಕಳಿಸುವ ಮುಂಚೆ ಹಿಂಡಿ ಚಿಕ್ಕದು ಮಾಡುತ್ತದೆ. ಗದ್ದಲವಿದ್ದರೆ ಗದ್ದಲದ ಜೊತೆಗೆ ಮಾತನ್ನೂ ಕೆರೆದು ಹಾಕುತ್ತದೆ. ಆ ಅಕ್ಷರ ಗದಗಿನ ವಾರ್ಡಿನಲ್ಲೇ ಉಳಿದುಹೋಗಿತ್ತು.

ಆದರೂ ನನ್ನ ಕಿವಿಯನ್ನೊಂದೇ ನಂಬುವುದು ಸರಿಯಲ್ಲ ಎನಿಸಿತು. ಅಂಗಡಿಗೆ ಬಂದ ಗಿರಾಕಿಗಳಿಗೆ, ಯಾರ ದನಿ ಎಂದು ಹೇಳದೆ, ಆ ಅಳಿಸಿದ ಮಾತಿನ ತುಣುಕನ್ನಷ್ಟೇ ಕೇಳಿಸಿದೆ. ಸುಮ್ಮನೆ ‘ಏನಂತಾಳ?’ ಎಂದು ಕೇಳಿದರೆ, “ತಿಳೀಲಿಲ್ರಿ” ಅಂದರು. ‘ಬೇಶ್ ಅಂತಾಳಲ್ಲ?’ ಎಂದು ಕೇಳಿದವರಿಗೆಲ್ಲ ಬೇಶ್ ಕೇಳಿಸಿತು. ‘ಬ್ಯಾನಿ ಅಂತಾಳಲ್ಲ?’ ಎಂದರೆ, “ಹೌದ್ರಿ, ಪಾಪ” ಅಂದರು. ಒಬ್ಬಾತನಿಗಂತೂ ಮುಂಜಾನೆ ಬೇಶ್ ಕೇಳಿದ್ದು ಸಂಜೆ ಬ್ಯಾನಿ ಕೇಳಿಸಿತು. ಡಬ್ಬಿಯ ಬೆಲೆ ಗೊತ್ತಿದ್ದವರಿಗೆ ಪೇಟಿಯವನ ಉಸಿರು ಕೇಳಿಸಿದಂತೆಯೇ ಇದು.

ಅಣ್ಣ ಎಲ್ಲವನ್ನೂ ನೋಡುತ್ತಿದ್ದರು. ಸಂಜೆ ಶಟರ್ ಇಳಿಸುವಾಗ, “ವಕೀಲ್ರ, ಬೇಶ್ ಅಂದಬಿಡು” ಅಂದರು.

“ಅದರಾಗ ಬೇಶ್ ಇಲ್ರಿ ಅಣ್ಣಾ.”

“ಬ್ಯಾನಿನೂ ಇಲ್ಲಲ್ಲ? ಎರಡೂ ಇಲ್ಲಂದ್ರ ಚಲೋದ್ದು ಹೇಳಾಕ ನಿಂದೇನ ಹೋಕ್ಕೈತಿ? ಚೀಟಿ ಎತ್ತಿ ಮಾತಾಡಿದಾಕಿ ನೀನ. ಈ ಚೀಟಿ ನಾ ಎತ್ತಿ ಕೊಟ್ಟೀನಿ ಅನ್ಕೋ.”

ಅದು ಪೊಳ್ಳು ವಾದವಾಗಿರಲಿಲ್ಲ. ನೀಲವ್ವನವರ ಫೋನು ಬಂದಾಗಿನಿಂದ ನನಗೂ ನನ್ನ ಗೆಲುವುಗಳ ಮೇಲೆ ಮೊದಲಿನ ನಂಬಿಕೆ ಇರಲಿಲ್ಲ. ಬೇಶ್ ಅಂದುಬಿಟ್ಟರೆ ಒಂದು ಮನೆಯಲ್ಲಿ ಮಾತು ಶುರುವಾಗುತ್ತದೆ. ಆದರೆ ಗೌರವ್ವ ಮತ್ತೆ ಕೇಳುತ್ತಾರೆ. ಅವರಿಗೆ ಬ್ಯಾನಿಯೇ ಕೇಳುತ್ತದೆ. ಆಗ ಕಲಿತ ಹುಡುಗಿಯೊಬ್ಬಳು ಗಂಡನ ಪರ ನಿಂತು ಸುಳ್ಳು ಹೇಳಿದಳು ಅನ್ನುತ್ತಾರೆ, ಮಗಳ ದನಿಯ ಮೇಲೆ ಇನ್ನೊಂದು ಗಾಡಿ ಹರಿದಂತಾಗುತ್ತದೆ. ಇದನ್ನು ಅಣ್ಣನಿಗೆ ಹೇಳಿದೆ. ಅವರು ಶಟರಿಗೆ ಕೀಲಿ ಹಾಕಿದರು. “ಹಂಗಾದ್ರ ಇಲ್ಲಂತ ಇಬ್ಬರ ಮುಂದನೂ ಹೇಳು. ಡಬ್ಬಿನೂ ಒಯ್ಯಿ. ಹಚ್ಚಿ ತೋರಸದ ಇಲ್ಲಂದ್ರ ಅವ್ರ ಮನಸು ಒಪ್ಪಂಗಿಲ್ಲ” ಅಂದರು. ಅಷ್ಟು ವರ್ಷದಲ್ಲಿ ಅವರು ನನಗೆ ಕಲಿಸಿದ ಪಾಠಗಳಲ್ಲಿ ಇದು ದೊಡ್ಡದು.

ಗಜೇಂದ್ರಗಡದ ಆ ಮನೆಯಲ್ಲಿ ಒಂದು ಮಗ್ಗಕ್ಕೆ ಬಟ್ಟೆ ಹೊದಿಸಿದ್ದರು, ಇನ್ನೊಂದರ ಮೇಲೆ ಅರ್ಧ ನೇಯ್ದ ಸೀರೆ ಇತ್ತು. ಗೌರವ್ವ ಗೋಡೆಗೆ ಆನಿಕೊಂಡು ರಾಟೆ ತಿರುಗಿಸಿ ಕಂಡಿಕೆಗೆ, ಲಾಳಿಯೊಳಗಿನ ಸಣ್ಣ ಕೊಳವೆಗೆ, ನೂಲು ಸುತ್ತುತ್ತಿದ್ದರು. ನಾನು ನಡುವೆ ಡಬ್ಬಿ ಇಟ್ಟು, ಸದ್ದು ಸರಿಸಮ ಮಾಡಿ, ಮೊದಲು ವಿರೂಪಾಕ್ಷಪ್ಪನವರ ಕಿವಿಗೆ ಅಂಗಡಿಯ ದೊಡ್ಡ ಹೆಡ್‌ಫೋನು ಹಾಕಿದೆ.

ಅವರು ಕಣ್ಣು ಮುಚ್ಚಿ ಕೇಳಿದರು. ಮತ್ತೊಮ್ಮೆ ಅಂದರು. ಕೇಳಿ ಹೆಡ್‌ಫೋನು ತೆಗೆದು, “ಗಾಡಿ ಭಾಳ ಚಲೋ ಕೇಳ್ತೈತ್ರಿ” ಅಂದರು. “ಒಂದ ಗಾಲಿ ಕಿರ್ರ್ ಅಂತೈತಿ.”

ಗೌರವ್ವ ಹೆಡ್‌ಫೋನು ಮುಟ್ಟಲಿಲ್ಲ. “ನಾ ಕೇಳಾಗೈತಿ. ನೀ ಕಲತಾಕಿ ಅದಿ ತಂಗಿ, ನೀನ ಹೇಳು. ಏನಂದಾಳ ಆಕಿ?”

“ಆ ಮಾತ ಇದರಾಗ ಇಲ್ರಿ ಅವ್ವಾ.”

“ಇಲ್ಲಂದ್ರ?”

“ಫೋನಿಗೆ ಅದು ಮುಟ್ಟೇ ಇಲ್ಲ. ಗಾಡಿ ಸಪ್ಪಳದಾಗ ಹೋಗೈತಿ. ಎಷ್ಟ ತುಟ್ಟಿ ಮಿಷನ್ ತಂದರೂ ಇಲ್ಲದ್ದನ್ನ ತರಂಗಿಲ್ಲ. ನಿಮಗ ಕೇಳಿದ್ದು ನಿಮ್ಮ ಸಂಕಟ, ಇವ್ರಿಗೆ ಕೇಳಿದ್ದು ಇವ್ರ ಆಶಾ. ಹುಡುಗಿ ಮಾತು ಎರಡೂ ಅಲ್ಲ.”

ಗೌರವ್ವನ ಕೈಯಲ್ಲಿ ರಾಟೆ ನಿಂತಿತು. “ಬಾಯಿಂದ ಅಂದಾಳಲ್ಲ ಆಕಿ. ಅಂದದ್ದು ಎಲ್ಲಿ ಹೋತು ಮತ್ತ?”

ನಾನು ಡಬ್ಬಿಯ ವಯರು ಸುತ್ತತೊಡಗಿದೆ. ಆಗ ವಿರೂಪಾಕ್ಷಪ್ಪ ನನ್ನ ಹತ್ತಿರ ಸರಿದು, ಹೆಂಡತಿಗೆ ಕೇಳಬಾರದೆನ್ನುವ ಹಾಗೆ ಸಣ್ಣ ದನಿಯಲ್ಲಿ, “ಕೆಟ್ಟದ್ದಷ್ಟ ಕತ್ತರಿಸಿ ತಗ್ಯಾಕ ಬರ್ತೈತೇನ್ ತಂಗಿ?” ಅಂದರು. “ಎಳಿ ಹರದಲ್ಲಿ ನಾವು ಹಂಗ ಮಾಡ್ತೀವಿ. ಹರದದ್ದ ತಗದು, ಉಳದ ಎರಡೂ ತುದಿ ಗಂಟ ಹಾಕ್ತೀವಿ.”

“ಬರ್ತೈತ್ರಿ. ಆದ್ರ ಅಸಲ ಅಳಸೂದು ಬ್ಯಾಡ. ಬ್ಯಾರೆ ಮಾಡಿ ಕೊಡ್ತೀನಿ.”

“ಬರೂದು ಬ್ಯಾಡ ಅಂದದ್ದೂ ತಗಿ” ಅಂದರು. “ಅದನ್ನ ಕೇಳೇ ನಾ ಮಗ್ಗ ಬಿಟ್ಟ ಏಳಲಿಲ್ಲ.”

ಅವರ ಫೋನಿನಲ್ಲೇ ಮಾಡಿದೆ. ಬಹಳ ಹೊತ್ತಿನ ಕೆಲಸವೇನಲ್ಲ. ಅಂಗಡಿಯ ಹೆಡ್‌ಫೋನು ಆಗಲೇ ಚೀಲದಲ್ಲಿತ್ತು, ಫೋನಿನ ಜೊತೆ ಬಂದಿದ್ದ ಬಿಳಿ ಇಯರ್‌ಫೋನು ಮೊಳೆಗೆ ಜೋತುಬಿದ್ದಿತ್ತು. ಅದನ್ನೇ ಹಚ್ಚಿ ಕೊಟ್ಟೆ. ಅವರು ಒಂದು ತುದಿಯನ್ನು ತಮ್ಮ ಕಿವಿಗೆ ಹಾಕಿಕೊಂಡು ಕೇಳಿದರು. ಆಮೇಲೆ ಎದ್ದು ಹೋಗಿ ಹೆಂಡತಿಯ ಎದುರು ಕೂತು, ಇನ್ನೊಂದು ತುದಿಯನ್ನು ಮುಂದೆ ಚಾಚಿದರು. ಗೌರವ್ವ ಅದನ್ನು ನೋಡುತ್ತ ಕೂತರು. ವಯರು ಗಿಡ್ಡ, ತೆಗೆದುಕೊಳ್ಳಬೇಕೆಂದರೆ ಮುಂದೆ ಬಾಗಬೇಕು. ಕೊನೆಗೆ ಬಾಗಿದರು.

ನನಗೆ ಕೇಳಿಸಲಿಲ್ಲ. ಆದರೆ ಅವರಿಬ್ಬರಿಗೆ ಏನು ಕೇಳಿಸುತ್ತಿದೆ ಎಂದು ನನಗೆ ಗೊತ್ತಿತ್ತು. “ಅಪ್ಪಾ, ಅವ್ವಗ ಹೇಳು.” ಮುಗಿದರೆ ವಿರೂಪಾಕ್ಷಪ್ಪ ಮತ್ತೆ ಒತ್ತುವರು. “ಅಪ್ಪಾ, ಅವ್ವಗ ಹೇಳು.”

ಗೌರವ್ವ ತಲೆ ಎತ್ತದೆ ಗಂಡನಿಗೆ ಅಂದರು, “ಹೇಳಂದಾಳಲ್ಲ. ಹೇಳು.”

ವಿರೂಪಾಕ್ಷಪ್ಪ ಫೋನು ಕೆಳಗಿಟ್ಟರು. “ನಾ ಹೋಗಬೇಕಾಗಿತ್ತು” ಅಂದರು. “ಆಕಿ ಏನರ ಅಂದಿರಲಿ. ನಾ ಹೋಗಬೇಕಾಗಿತ್ತು.”

“ನಾ ಬರಬಾರದಾಗಿತ್ತು” ಅಂದರು ಗೌರವ್ವ. “ಎರಡ ಅರಿವಿ ಸಲವಾಗಿ ಆಕೀನ ಬಿಟ್ಟ ಬಂದೆ.”

ಇಬ್ಬರ ನಡುವೆ ಆ ಬಿಳಿ ವಯರು ಹಾಗೇ ಇತ್ತು. ನಾನು ಚೀಲ ಎತ್ತಿಕೊಂಡು ಹೊಸ್ತಿಲ ಆಚೆ ಬಂದು ಚಪ್ಪಲಿ ಮೆಟ್ಟಿದೆ. ನಮ್ಮ ಸೀಮೆಯಲ್ಲಿ ಚಹಾ ಕುಡಿಸದೆ ಯಾರನ್ನೂ ಮನೆಯಿಂದ ಕಳಿಸುವುದಿಲ್ಲ. ಅಂದು ನಾನು ಹೊರಟದ್ದನ್ನು ಅವರಿಬ್ಬರೂ ನೋಡಲೇ ಇಲ್ಲ.